ನಿನ್ನೆ ಸಿಕ್ಕಿತು ಎಂದು ಹೇಳಿದ ಪಟ

ಸರೋಜಕ್ಕನ ಪಟ ಕಳೆದುಹೋಗಿರಲಿಲ್ಲ. ಒಂದು ವರ್ಷ ನಾಲ್ಕು ತಿಂಗಳು ಅದು ನನ್ನ ಅಂಗಡಿಯ ಮೇಜಿನ ಡ್ರಾಯರಿನಲ್ಲೇ ಇತ್ತು — ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ನಾನೇ ಇಟ್ಟಿದ್ದೆ. ಪ್ರತಿ ಗುರುವಾರ ಅವರು ಬಂದು ಅದೇ ಮೇಜಿನೆದುರು ಕೂತು, "ಸಿಕ್ತಾ ವಾಮನಪ್ಪೋರೇ?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ಲ ಸರೋಜಕ್ಕ, ಹುಡುಕ್ತಾ ಇದೀನಿ" ಎನ್ನುತ್ತಿದ್ದೆ. ಮೊದಲ ಕೆಲವು ವಾರ ನಾಚಿಕೆಗೆ ಹೇಳಿದ ಸುಳ್ಳು ಅದು. ಆಮೇಲಿನದ್ದು — ಆಮೇಲಿನದ್ದನ್ನೂ ನಾಚಿಕೆ ಎಂದು ಕರೆದರೆ ಇನ್ನೊಂದು ಸುಳ್ಳಾಗುತ್ತದೆ.

ಸಾಗರದ ಪೇಟೆಯ ಒಂದು ಅಡ್ಡರಸ್ತೆಯಲ್ಲಿ ನನ್ನದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅಲ್ಲೇ ನನ್ನ ಅಡುಗೆ, ನನ್ನ ನಿದ್ದೆ. ಹೆಂಡತಿ ಪದ್ಮಾ ತೀರಿಕೊಂಡ ಮೇಲೆ ಬಾಡಿಗೆ ಮನೆ ಬಿಟ್ಟು ಇಲ್ಲಿಗೇ ಬಂದೆ. ಮಕ್ಕಳಿಲ್ಲ. ಮೊಬೈಲ್ ಬಂದ ಮೇಲೆ ಫೋಟೋಗೆ ಕಟ್ಟು ಹಾಕಿಸುವವರು ಕಡಿಮೆಯಾದರು. ಸತ್ತವರ ಫೋಟೋ ಮತ್ತು ದೇವರ ಫೋಟೋ, ಎರಡೇ ಉಳಿದವು. ದಿನಗಟ್ಟಲೆ ನನ್ನ ಕಿವಿಗೆ ಬೀಳುತ್ತಿದ್ದ ಮಾತೆಂದರೆ ಅಳತೆ ಮಾತ್ರ. "ಎಂಟು ಹನ್ನೆರಡು ಮಾಡಿ." "ಹನ್ನೆರಡು ಹದಿನೆಂಟು ಆಗ್ತದಾ?" ಯಾರೂ ಬಾರದ ದಿನ ನಾನೇ ಗಾಜಿನ ಮೇಲೆ ಸ್ಕೇಲಿಟ್ಟು ಅಳತೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಒಂದು ದನಿ ಕೇಳಲಿ ಅಂತ.

ಅಂಥ ಹೊತ್ತಿನಲ್ಲಿ ವಿನುತಾ ಬಂದರು. ತೀರ್ಥಹಳ್ಳಿ ರಸ್ತೆಯಲ್ಲಿ, ಮಂಡಗದ್ದೆಯ ಹತ್ತಿರ ಹೊಸದಾಗಿ ಹೋಂಸ್ಟೇ ಕಟ್ಟಿಸಿದ್ದರು. ಗಾರೆಯ ಬೂದು ಗೋಡೆ, ಕಪ್ಪು ಕಬ್ಬಿಣದ ಮೆಟ್ಟಿಲು, ದೊಡ್ಡ ದೊಡ್ಡ ಗಾಜಿನ ಕಿಟಕಿ. ಅದರ ನಡುನಡುವೆ ಹಳೆಯ ಸಾಮಾನು ಬೇಕಂತೆ. ಕಂದೀಲಿನೊಳಗೆ ಎಲ್‌ಇಡಿ ಬಲ್ಬು, ಹೊಲಿಗೆ ಯಂತ್ರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೈ ತೊಳೆಯುವ ಬೇಸಿನ್ನು. "ಹಳೇದು ಒಂದಿದ್ರೆ ಹೊಸದು ಮೂರಿರ್ಬೇಕು ಅಂಕಲ್. ಹಳೇದೇ ತುಂಬಿದ್ರೆ ಮ್ಯೂಸಿಯಂ ಆಗ್ತದೆ, ಹೊಸದೇ ತುಂಬಿದ್ರೆ ಆಸ್ಪತ್ರೆ ಆಗ್ತದೆ" ಎಂದರು. ಅವರಿಗೆ ಹಳೆಯ ಫೋಟೋಗಳು ಬೇಕಿದ್ದವು. ಯಾರದಾದರೂ ಸರಿ. ಮುಖ ಚೆನ್ನಾಗಿರಬೇಕು, ಕಪ್ಪು-ಬಿಳುಪಾಗಿರಬೇಕು.

ನನ್ನ ಅಟ್ಟದ ಮೇಲೆ ಅಂಥವು ಇದ್ದವು. ರಿಪೇರಿಗೆಂದು ಕೊಟ್ಟು ಮತ್ತೆ ಬಾರದವರವು. ಅಗಲವಾದ ಬಿಳಿ ಹಾಳೆಯ ನಡುವೆ ಹಳೆಯ ಫೋಟೋ ಕೂರಿಸಿ, ಸುತ್ತ ಬೆರಳಗಲದ ಕಪ್ಪು ಕಟ್ಟು ಹಾಕಿದೆ. ನಿಜ ಹೇಳಬೇಕೆಂದರೆ, ಚೆನ್ನಾಗಿ ಬಂತು. ಯಾರಿಗೂ ಬೇಡವಾಗಿ ಮಾಸಿದ ಮುಖಗಳು ಆ ಬಿಳಿಯ ನಡುವೆ ಎದ್ದು ಕಾಣತೊಡಗಿದವು. ವಿನುತಾ ಫೋಟೋ ತೆಗೆದು ಯಾರ‍್ಯಾರಿಗೋ ಕಳಿಸಿದರು; ಹೊಸನಗರದಿಂದಲೂ ಜನ ಫೋನ್ ಮಾಡಿದರು. ಅರವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಕೈಕೆಲಸವನ್ನು ಯಾರೋ 'ಟೇಸ್ಟ್' ಎಂದರು. ಆ ಮಾತು ತಲೆಗೆ ಹತ್ತಿತು. ನೆಪ ಹೇಳುತ್ತಿಲ್ಲ — ಹೇಗಾಯಿತೆಂದು ಹೇಳುತ್ತಿದ್ದೇನೆ.

ಸರೋಜಕ್ಕ ಪಟ ಕೊಟ್ಟದ್ದು ಅದಕ್ಕೂ ಏಳೆಂಟು ತಿಂಗಳ ಹಿಂದೆ. ಆನಂದಪುರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದವರು, ಮದುವೆಯಾಗಲಿಲ್ಲ, ತಮ್ಮನ ಮನೆಯಲ್ಲಿದ್ದರು. ಪಟದಲ್ಲಿ ಇಬ್ಬರು ಹುಡುಗಿಯರು. ಹದಿನಾಲ್ಕರ ಸರೋಜ ನಿಂತಿದ್ದಾಳೆ, ಒಂಬತ್ತರ ತಂಗಿ ಲಲಿತಾ ಕುರ್ಚಿಯಲ್ಲಿ ಕೂತಿದ್ದಾಳೆ. ಹಿಂದೆ ಸ್ಟುಡಿಯೋದವರು ಬರೆದ ಮೆಟ್ಟಿಲು, ಹೂಕುಂಡದ ಪರದೆ. ಮರುವರ್ಷ ಜ್ವರ ಬಂದು ಲಲಿತಾ ಹೋದಳಂತೆ. ಅವಳದ್ದು ಅಂತ ಇದ್ದ ಫೋಟೋ ಇದೊಂದೇ. ಸುತ್ತಲ ಕಟ್ಟನ್ನು ಅವರ ಅಪ್ಪ ಮಾಡಿದ್ದು, ಮರಗೆಲಸದವರು, ಅಂಚಿಗೆಲ್ಲ ಬಳ್ಳಿ ಕೆತ್ತಿದ್ದರು. ಗಾಜಿನೊಳಗೆ ಬೂಷ್ಟು ಹಿಡಿದಿದೆ, ತೆಗೆದು ಸರಿ ಮಾಡಿಕೊಡಿ ಎಂದು ಕೊಟ್ಟು ಹೋದರು. ನಂಬರ್ ಕೇಳಿದ್ದಕ್ಕೆ, "ನಾನೇ ಬರ್ತೀನಿ. ಗುರುವಾರ ವರದಹಳ್ಳಿ ಆಶ್ರಮಕ್ಕೆ ಹೋಗೋದು ಇದ್ದೇ ಇದೆ" ಎಂದಿದ್ದರು.

ಬರಲಿಲ್ಲ. ತಮ್ಮನಿಗೆ ಕಾಯಿಲೆಯಾಗಿ ಅವರು ಶಿವಮೊಗ್ಗದ ಆಸ್ಪತ್ರೆಯಲ್ಲೂ ಮನೆಯಲ್ಲೂ ಆತನ ಆರೈಕೆಗೆ ನಿಂತಿದ್ದರೆಂದು ನನಗೆ ಗೊತ್ತಾದದ್ದು ಆಮೇಲೆ. ಡಿಸೆಂಬರಿನಲ್ಲಿ ವಿನುತಾ ಆ ಪಟ ಎತ್ತಿಕೊಂಡು, "ಇವ್ರು ಯಾರು ಅಂಕಲ್?" ಎಂದು ಕೇಳಿದರು.

"ಯಾರೋ ಬಿಟ್ಟು ಹೋದದ್ದು" ಎಂದೆ.

ಹಿಂಬದಿಯಲ್ಲಿ ಚೀಟಿ ಇತ್ತು. 'ಸರೋಜ, ಆನಂದಪುರ' — ನನ್ನದೇ ಅಕ್ಷರ. ಅದನ್ನು ಉಗುರಿನಿಂದ ಕೆರೆದು ತೆಗೆದೆ. ಬಳ್ಳಿಯ ಕಟ್ಟು ಬಿಚ್ಚಿ, ಕಪ್ಪು ಕಟ್ಟು ಹಾಕಿ ವಿನುತಾಗೆ ಕೊಟ್ಟೆ. ಬಿಚ್ಚಿದ್ದೂ ದಂಡವಾಗಲಿಲ್ಲ: ಹೊಸನಗರದ ಒಬ್ಬ ಮೇಷ್ಟ್ರು ಹೊಸ ಮನೆಯ ಬೇಸಿನ್ ಕನ್ನಡಿಗೆ ಹಳೆಯ ಕೆತ್ತನೆಯ ಕಟ್ಟು ಕೇಳಿದ್ದರು. ಅವರ ಕನ್ನಡಿ ಚಿಕ್ಕದು. ನಾಲ್ಕೂ ಪಟ್ಟಿ ಕೊಯ್ದು ಗಿಡ್ಡ ಮಾಡಿದೆ. ಒಂದು ಮೂಲೆಯಲ್ಲಿ ಬಳ್ಳಿ ಎಲೆಯ ನಡುವಿಗೇ ತುಂಡಾಯಿತು. ಅದು ಕಣ್ಣಿಗೆ ಬಿದ್ದಾಗ ಕೆಲಸಗಾರನಾಗಿ ನನಗೆ ಬೇಸರವಾಯಿತು — ಕೆಲಸಗಾರನಾಗಿ ಮಾತ್ರ.

ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ಸರೋಜಕ್ಕ ಬಂದು ನಿಂತರು. "ತಡ ಆಯ್ತು ವಾಮನಪ್ಪೋರೇ, ಬೈಬೇಡಿ. ಪಟ ಆಗಿದೆಯಾ?"

ಆಗ ಹೇಳಬಹುದಿತ್ತು. ಕೊಟ್ಟುಬಿಟ್ಟಿದ್ದೇನೆ, ಎಲ್ಲಿದೆ ಗೊತ್ತು, ತಂದುಕೊಡುತ್ತೇನೆ — ಮೂರು ಮಾತು. ನಾನು ಅಟ್ಟದ ಕಡೆ ನೋಡಿ, "ಸಾಮಾನೆಲ್ಲ ಆಚೀಚೆ ಆಗಿದೆ, ಹುಡುಕ್ತೀನಿ" ಎಂದೆ. ಅವರ ಮುಖ ಸಣ್ಣದಾಯಿತು, ಆದರೂ ಗದರಲಿಲ್ಲ. "ಹಾಳಾಗಿದ್ರೂ ಅಡ್ಡಿಲ್ಲ. ಹಾಳಾದದ್ದನ್ನೇ ಕೊಡಿ" ಎಂದರು. ಮುಂದಿನ ಗುರುವಾರ ಬಂದರು. ಅದರ ಮುಂದಿನ ಗುರುವಾರವೂ.

ಮಾರ್ಚಿನಲ್ಲಿ, ಇನ್ನು ತಡೆಯಲಾರದೆ, ಬಸ್ಸು ಹತ್ತಿ ಮಂಡಗದ್ದೆಗೆ ಹೋದೆ. ಊಟದ ಕೋಣೆಯ ಬೂದು ಗೋಡೆಯ ಮೇಲೆ, ಹಳದಿ ಬೆಳಕಿನಡಿ ಆ ಇಬ್ಬರು ಹುಡುಗಿಯರಿದ್ದರು. ಪಟದ ಯಜಮಾನರು ಬಂದಿದ್ದಾರೆ ಎಂದೆ. ವಿನುತಾ ಒಂದು ಗಳಿಗೆಯೂ ತಡಮಾಡಲಿಲ್ಲ. ಸ್ಟೂಲು ಹತ್ತಿ ತಾವೇ ಇಳಿಸಿ, ವೇಲಿನಿಂದ ಗಾಜು ಒರೆಸಿದರು. "ಗೆಸ್ಟ್ ಕೇಳಿದ್ರೆ ನಮ್ಮಜ್ಜಿ, ಅವ್ರ ತಂಗಿ ಅಂತ ಹೇಳ್ತಿದ್ದೆ ಅಂಕಲ್" ಎಂದು ತಲೆ ತಗ್ಗಿಸಿದರು. "ತಪ್ಪಾಯ್ತು ಅಂತ ಅವ್ರಿಗೆ ಹೇಳಿ." ಹೇಳುತ್ತೇನೆ ಎಂದು ಬಂದೆ. ಆ ಮಾತನ್ನೂ ಅವರಿಗೆ ತಲುಪಿಸಲಿಲ್ಲ.

ಪಟವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸ್ ಬರುವಾಗ ಹಗುರಾಗಿದ್ದೆ. ಗುರುವಾರ ಕೊಡುವುದು, ಕಾಲಿಗೆ ಬಿದ್ದಾದರೂ ಸರಿ, ಎಲ್ಲ ಹೇಳುವುದು. ಗುರುವಾರ ಬಂತು. ಸರೋಜಕ್ಕ ಆಶ್ರಮದ ಪ್ರಸಾದ ತಂದಿದ್ದರು. ನಾನು ಚಹಾ ಮಾಡಿದೆ. ಅವರು ನನ್ನ ಅಂಗಿಯ ಕಾಲರ್ ನೋಡಿ, "ಎಂತ ಮಾರಾಯ್ರೆ ಇದು, ಹೀಗೆ ಹರ್ಕೊಂಡು ಕೂತಿದೀರಿ" ಎಂದು ಬ್ಯಾಗಿನಿಂದ ಸೂಜಿದಾರ ತೆಗೆದರು. ತೊಟ್ಟ ಅಂಗಿಗೆ ಹೊಲಿಗೆ ಹಾಕಬಾರದೆಂದು ಅಂಗಿ ಬಿಚ್ಚಿಸಿದರು. ಹಿಂದಿನ ಕೋಣೆಗೆ ಹೋಗಿ ಬೇರೆ ಅಂಗಿ ತೊಟ್ಟು ಬಂದು ಕೂತೆ. ಅವರು ಹೊಲಿಯುತ್ತಾ ಶಿಷ್ಯೆಯರ ಕತೆ ಹೇಳಿದರು — ಒಬ್ಬಳು ಎರಡು ತೋಳನ್ನೂ ಒಂದೇ ಕಡೆಗೆ ಹೊಲಿದುಬಿಟ್ಟಿದ್ದಳಂತೆ. ನಾನು ನಕ್ಕೆ. ನಕ್ಕು ಎಷ್ಟು ಕಾಲವಾಗಿತ್ತೋ, ಆ ಸದ್ದು ನನಗೇ ಬೇರೆಯವರದ್ದೆನಿಸಿತು.

ಹೊರಡುವಾಗ ಕೇಳಿದರು. "ಇವತ್ತೂ ಸಿಗ್ಲಿಲ್ಲ ಅಲ್ವಾ?"

ಡ್ರಾಯರ್ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಪಟ ಕೊಟ್ಟರೆ ಇವರು ಮುಂದಿನ ಗುರುವಾರ ಯಾಕೆ ಬರುತ್ತಾರೆ — ಈ ಒಂದು ಯೋಚನೆ ಬಂತು. ಒಂದೇ ಒಂದು. "ಇಲ್ಲ ಸರೋಜಕ್ಕ" ಎಂದೆ.

ಮುಂದಿನ ವಾರ ಕೊಟ್ಟರಾಯಿತು ಎಂದುಕೊಂಡೆ. ಆಮೇಲೆ ಪ್ರತಿ ವಾರವೂ ಹಾಗೇ ಅಂದುಕೊಂಡೆ. ಗುರುವಾರ ಬೆಳಿಗ್ಗೆ ಗಡ್ಡ ತೆಗೆಯುವುದು ರೂಢಿಯಾಯಿತು. ಎರಡನೆಯ ಲೋಟ ತಂದೆ. ಅಂಗಡಿಯನ್ನೂ ಸ್ವಲ್ಪ ಚೆಂದ ಮಾಡಿದೆ: ವಿನುತಾ ಹೇಳಿಕೊಟ್ಟ ಹಾಗೆ ಒಂದು ಗೋಡೆಗೆ ಬೂದು ಬಣ್ಣ, ಅದರ ಮೇಲೆ ಪದ್ಮಾಳ ಹಿತ್ತಾಳೆ ತಟ್ಟೆ, ಕೆಳಗೆ ಹೊಸ ಮಡಚು ಕುರ್ಚಿ. ಸರೋಜಕ್ಕ ಆ ಕುರ್ಚಿಯಲ್ಲಿ ಕೂತು, "ಪೇಟೆ ಹೋಟ್ಲು ಆಯ್ತಲ್ಲ ನಿಮ್ಮ ಅಂಗ್ಡಿ" ಎಂದರು. ಪ್ರೀತಿಯೋ ಏನೋ ಎಂದು ಯಾರಾದರೂ ಕೇಳಿದರೆ — ನನಗೆ ಗೊತ್ತಿಲ್ಲ. ವಾರಕ್ಕೆ ಒಂದು ಗಂಟೆ ನನ್ನ ಹೆಸರು ಹಿಡಿದು ಕರೆಯುವ ದನಿ ಇತ್ತು. ಅದು ತಪ್ಪಿಹೋದೀತೆಂಬ ಹೆದರಿಕೆ ಇತ್ತು. ಇಷ್ಟು ಗೊತ್ತು.

ಮಿಕ್ಕ ಆರು ದಿನ ನಾನು ಪಟ ತೆಗೆದು ನೋಡುತ್ತಿದ್ದೆ. ಆ ಇಬ್ಬರು ಹುಡುಗಿಯರನ್ನು ನನ್ನಷ್ಟು ನೋಡಿದವರು ಇನ್ನಾರೂ ಇರಲಾರರು.

ಮುಂದಿನ ಚಳಿಗಾಲದಲ್ಲಿ ಸರೋಜಕ್ಕ ಅಂಗಡಿಯ ಬಾಗಿಲಿಗೆ ಭುಜ ಬಡಿಸಿಕೊಂಡರು. ಇನ್ನೊಂದು ಗುರುವಾರ ಪಕ್ಕದಲ್ಲಿಟ್ಟ ಲೋಟ ಕೈ ತಾಗಿ ಬಿತ್ತು. "ಕಣ್ಣಿನ ಒತ್ತಡವಂತೆ. ಗ್ಲಾಕೋಮಾ ಅಂತಾರೆ" ಎಂದು ಅವರೇ ಹೇಳಿದರು. "ನೆಟ್ಟಗೆ ಇರೋದು ಕಾಣ್ತದೆ, ಬದೀಲಿರೋದು ಕಾಣಲ್ಲ. ಮೊದ್ಲೇ ಬರ್ಬೇಕಿತ್ತು ಅಂದ್ರು ಡಾಕ್ಟ್ರು. ಈಗ ಔಷಧ ಹಾಕಿದ್ರೂ ಹೋದದ್ದು ವಾಪಸ್ ಬರಲ್ವಂತೆ. ಇರೋದು ಎಷ್ಟು ದಿನವೋ."

ಏನೋ ಸಮಾಧಾನ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ಲಲಿತನ ಮುಖ ಮರೆತು ಹೋಗ್ತಾ ಇದೆ ವಾಮನಪ್ಪೋರೇ" ಎಂದರು. "ಮೂಗು ನೆನಪು ಮಾಡ್ಕೊಂಡ್ರೆ ಕಣ್ಣು ತಪ್ಪಿ ಹೋಗ್ತದೆ. ಕಣ್ಣು ಹೋಗೋದ್ರೊಳಗೆ ಒಂದೇ ಒಂದ್ಸಲ ನೋಡ್ಬೇಕಿತ್ತು."

ಅವರ ಚಹಾದ ಲೋಟ ಮೇಜಿನ ಮೇಲೆ. ಮೇಜಿನ ಹಲಗೆಯ ಕೆಳಗೆ, ಗೇಣಿನಷ್ಟು ದೂರದಲ್ಲಿ, ಲಲಿತಾ. ನಾನು ಡ್ರಾಯರಿನ ಹಿಡಿಗೆ ಕೈ ಹಾಕಿದೆ. ಎಳೆದೆ ಕೂಡ — ಒಂದಂಗುಲ. ಆಗ ಯಾರೋ ಗಿರಾಕಿ ಬಂದು ದೇವರ ಫೋಟೋಗೆ ಗಾಜು ಕೇಳಿದರು. ಡ್ರಾಯರ್ ಮುಚ್ಚಿ ಎದ್ದೆ. ಹಾಗೆ ಏಳುವಾಗ ನನಗಾದದ್ದು ನಿರಾಳ. ಬೇರೆ ಯಾವ ಪದವೂ ಅದಕ್ಕೆ ಒಪ್ಪುವುದಿಲ್ಲ. ಒಂದು ವರ್ಷದ ಹತ್ತಿರ ಹತ್ತಿರ ಸುಳ್ಳು ಹೇಳಿಕೊಂಡು ಬಂದು, ಈಗ ಕೊಟ್ಟರೆ ಇಷ್ಟು ದಿನ ಎಲ್ಲಿತ್ತು ಎನ್ನುತ್ತಾರೆ, ನನ್ನ ಬಣ್ಣ ಗೊತ್ತಾಗುತ್ತದೆ, ಗುರುವಾರಗಳು ನಿಲ್ಲುತ್ತವೆ. ಅವರ ಕಣ್ಣನ್ನೂ ನನ್ನ ಗುರುವಾರಗಳನ್ನೂ ತೂಗಿ ನೋಡಿದೆ. ನೋಡಿ, ನನ್ನದನ್ನೇ ಇಟ್ಟುಕೊಂಡೆ.

ಬೇಸಿಗೆಯ ಹೊತ್ತಿಗೆ ಅವರ ಬರವು ತಪ್ಪತೊಡಗಿತು. ಒಬ್ಬರೇ ಬಸ್ಸು ಹತ್ತುವುದು ಕಷ್ಟ ಎಂದಿದ್ದರು. ಮೇ ತಿಂಗಳಲ್ಲಿ ಒಂದು ಗುರುವಾರ ಬಂದರು, ಆಮೇಲೆ ಇಲ್ಲ. ಯಾವುದಕ್ಕೆ ಹೆದರಿ ಪಟ ಬಚ್ಚಿಟ್ಟೆನೋ ಅದು ಪಟ ಕೊಡದೆಯೂ ಆಗಿಹೋಯಿತು. ಅಷ್ಟಾದರೂ ಎರಡು ತಿಂಗಳು ಸುಮ್ಮನೆ ಕೂತೆ. ಜುಲೈಯಲ್ಲಿ ಆನಂದಪುರದ ಬಸ್ಸು ಹತ್ತಿದೆ.

ಅವರ ತಮ್ಮನ ಸೊಸೆ ಶುಭಾ ಬಾಗಿಲು ತೆಗೆದರು. ಮನೆ ಹೊಸದಾಗಿ ಮಾಡಿಸಿದ್ದರು. ಟಿವಿಯ ಗೋಡೆಗೆ ಮರದ ಪಟ್ಟಿ, ನೆಲಕ್ಕೆ ಹೊಳೆಯುವ ಟೈಲ್ಸು. ಸರೋಜಕ್ಕ ಕಿಟಕಿಯ ಬಳಿ ಕೂತಿದ್ದರು. ನನ್ನ ದನಿ ಕೇಳಿ ಮುಖ ಎತ್ತಿದರು, ಆದರೆ ನೋಟ ನಾನಿದ್ದಲ್ಲಿಗೆ ಬರಲಿಲ್ಲ.

"ಬೆಳಕು ಗೊತ್ತಾಗ್ತದೆ. ಅಷ್ಟೇ" ಎಂದರು. "ಕೂತ್ಕೊಳ್ಳಿ ವಾಮನಪ್ಪೋರೇ."

ನಾನು ಪಟವನ್ನು ಅವರ ಕೈಗಿಟ್ಟೆ. "ಸಿಕ್ತು ಸರೋಜಕ್ಕ."

ಅವರು ಬೆರಳುಗಳನ್ನು ಅಂಚಿನ ಮೇಲೆ ಹರಿಸಿದರು — ಒಂದು ಸುತ್ತು, ಮತ್ತೆ ಒಂದು ಸುತ್ತು. ನುಣುಪು. ಎಲ್ಲೂ ಒಂದು ಎಲೆಯಿಲ್ಲ, ಬಳ್ಳಿಯಿಲ್ಲ. "ಇದು ನಮ್ಮದಲ್ಲ" ಎಂದರು.

ಕಣ್ಣಿಲ್ಲದ ಮೇಲೂ ಅವರು ತಮ್ಮ ಪಟವನ್ನು ಗುರುತಿಸಬಹುದಾಗಿದ್ದದ್ದು ಆ ಕಟ್ಟಿನಿಂದ. ಅದನ್ನು ನಾನೇ ಕೊಯ್ದು ಹೊಸನಗರದ ಬೇಸಿನ್ನಿನ ಮೇಲೆ ಕೂರಿಸಿದ್ದೆ. "ಹಳೇ ಕಟ್ಟಿಗೆ ಹುಳ ಹಿಡಿದಿತ್ತು, ಬದಲಾಯ್ಸಿದೆ" ಎಂದೆ. ಇನ್ನೊಂದು ಸುಳ್ಳು; ಆಗ ಎಷ್ಟು ಸಲೀಸಾಗಿ ಬಂತು. ಶುಭಾ ಪಕ್ಕದಲ್ಲಿ ಬಗ್ಗಿ ನೋಡಿ, "ಹೌದು ಅತ್ತೆ, ನೀವೇ. ನೀವು, ಚಿಕ್ಕತ್ತೆ" ಎಂದರು. "ಫ್ರೇಮ್ ಎಷ್ಟು ಚೆನ್ನಾಗಿದೆ ಅಂಕಲ್, ನಮ್ಮ ಹಾಲಿಗೆ ಮ್ಯಾಚ್ ಆಗ್ತದೆ."

ಆಗ ಸರೋಜಕ್ಕ ಪಟವನ್ನು ಎದೆಗೊತ್ತಿಕೊಂಡರು. ಒತ್ತಿಕೊಂಡೇ ಕೇಳಿದರು. "ಯಾವಾಗ ಸಿಕ್ತು?"

"ನಿನ್ನೆ."

"ನಿನ್ನೆ ಸಿಕ್ತು, ಇವತ್ತು ತಂದ್ರಿ" ಎಂದರು. "ದೊಡ್ಡ ಉಪಕಾರ ಆಯ್ತು." ಆಮೇಲೆ, "ನೀವು ನೋಡಿ ಹೇಳಿ. ಅವ್ಳು ಹೇಗಿದಾಳೆ?" ಎಂದರು.

ಹೇಳಿದೆ. ಕುರ್ಚಿಯಿಂದ ಒಂದು ಕಾಲು ಇಳಿಬಿಟ್ಟಿದ್ದಾಳೆ, ಇನ್ನೊಂದನ್ನು ಮಡಚಿದ್ದಾಳೆ. ನೋಟ ಕ್ಯಾಮೆರಾದ ಕಡೆಗಿಲ್ಲ, ಎಡಕ್ಕೆ ಯಾರನ್ನೋ ನೋಡುತ್ತಿದ್ದಾಳೆ. ಹುಬ್ಬು ನಿಮ್ಮದರಂತೆಯೇ, ಮೂಗು ಸ್ವಲ್ಪ ಚಿಕ್ಕದು. ಮೇಲ್ತುಟಿಯ ಬಲಕ್ಕೆ ಮಚ್ಚೆ. ಬಲಗೈ ಮುಷ್ಟಿ ಹಿಡಿದಿದೆ. ಲಂಗದ ಅಂಚು ಒಂದು ಕಡೆ ಹೊಲಿಗೆ ಬಿಚ್ಚಿ ಜೋತಿದೆ. ನಿಮ್ಮ ಕೈ ಅವಳ ಭುಜದ ಮೇಲಿದೆ, ಓಡಿಹೋಗದ ಹಾಗೆ ಹಿಡಿದಂತೆ.

"ಮುಷ್ಟೀಲಿ ಪೆಪ್ಪರಮೆಂಟು. ಸ್ಟುಡಿಯೋದವ್ರು ಕೊಟ್ಟದ್ದು" ಎಂದರು ಸರೋಜಕ್ಕ. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು. ಮತ್ತೆ, ಮೆಲ್ಲಗೆ, "ಒಂದೇ ದಿನದಲ್ಲಿ ಇಷ್ಟೆಲ್ಲ ನೋಡಿಬಿಟ್ರಾ?" ಎಂದರು.

ಅದು ಅನುಮಾನವೋ, ಮೆಚ್ಚುಗೆಯೋ — ತಿಳಿಯಲಿಲ್ಲ. ಎದ್ದು ಬಂದೆ.

ಅವರು ಕಾಯಲಿ ಎಂದು ಬಚ್ಚಿಟ್ಟವನಿಗೆ ಅವರಿಂದ ಕೃತಜ್ಞತೆಯೂ ಸಿಕ್ಕಿತ್ತು. ಅದನ್ನು ಇಟ್ಟುಕೊಂಡು ಬದುಕಲು ಮೂರು ತಿಂಗಳು ಪ್ರಯತ್ನಪಟ್ಟೆ. ಶುಭಾ ಒಂದೆರಡು ಸಲ ಫೋನ್ ಮಾಡಿ, "ಅತ್ತೆ ನಿಮ್ಮನ್ನ ಕೇಳ್ತಿರ್ತಾರೆ ಅಂಕಲ್, ಬನ್ನಿ" ಎಂದರು. ಕರೆದದ್ದು ಅವರೇ, ಹೋದರೆ ಗುರುವಾರಗಳು ಮತ್ತೆ ಸಿಗುತ್ತಿದ್ದವು. ಹಾಗೆ ಸಿಗುವುದನ್ನು ಮಾತ್ರ ತೆಗೆದುಕೊಳ್ಳಲಾಗಲಿಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ ಹೋಗಿ, ಸಿಟೌಟಿನಲ್ಲಿ ಅವರೆದುರು ಕೂತು, ಎಲ್ಲ ಹೇಳಿದೆ. ಚೀಟಿ ಕೆರೆದದ್ದು, ಅಪ್ಪ ಮಾಡಿದ ಕಟ್ಟನ್ನು ಕೊಯ್ದದ್ದು, ವಿನುತಾ ತಿರುಗಿ ಕೊಟ್ಟದ್ದು, ಡ್ರಾಯರು. ಯಾಕೆ ಎಂಬುದನ್ನೂ ಹೇಳಿದೆ. ಹೇಳುವಾಗ ಅದು ಎಷ್ಟು ಸಣ್ಣ ಕಾರಣವೆಂದು ಕೇಳಿಸಿತು.

ಸರೋಜಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

"ಮುಖ ಮರೆತು ಹೋಗ್ತಾ ಇದೆ ಅಂತ ಹೇಳಿದ ದಿನ" ಎಂದರು. "ಆವತ್ತು ಅದು ಅಲ್ಲೇ ಇತ್ತಾ?"

"ಇತ್ತು."

"ಆವತ್ತು ನನಗೆ ಕಾಣ್ತಿತ್ತು."

"ಹೌದು."

"ನಿಮಗದು ಗೊತ್ತಿತ್ತು."

"ಗೊತ್ತಿತ್ತು ಸರೋಜಕ್ಕ."

ಅವರು ಒಳಗೆ ತಿರುಗಿ, "ಶುಭಾ, ಇವ್ರಿಗೆ ಸಾಗರದ ಬಸ್ಸು ಎಷ್ಟೊತ್ತಿಗಿದೆ ನೋಡು" ಎಂದರು. ದನಿ ಏರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಯಾರ ಸಹಾಯವೂ ಇಲ್ಲದೆ, ಎದ್ದು ಒಳಗೆ ಹೋದರು.

ಇದಾಗಿ ಐದು ತಿಂಗಳಾಯಿತು. ಅಟ್ಟದಿಂದ ಹೋದ ಬೇರೆ ಫೋಟೋಗಳನ್ನು ಈಗ ಒಂದೊಂದಾಗಿ ವಾಪಸ್ ಕೇಳಿ ತರುತ್ತಿದ್ದೇನೆ. ಕೆಲವರ ಮನೆಯವರು ಸಿಕ್ಕಿದ್ದಾರೆ, ಕೆಲವರು ಸಿಗಲಾರರು. ಇದರಿಂದ ಸರೋಜಕ್ಕನಿಗೆ ಏನೂ ಆಗುವುದಿಲ್ಲವೆಂದು ಬಲ್ಲೆ. ಆನಂದಪುರದಿಂದ ಮತ್ತೆ ಫೋನ್ ಬಂದಿಲ್ಲ, ನಾನೂ ಮಾಡಿಲ್ಲ.

ಆವತ್ತು ನಾನು ಅವರಲ್ಲಿ ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದರು, ಅಂಥವರು ಅವರು. ಅದಕ್ಕೇ ಕೇಳಲಿಲ್ಲ.